ಪದವಿನ ಚಿಟ್ಟೆಗಳು ಬೇಸಗೆಯಲ್ಲಿ ಎಲ್ಲಿಗೆ ಹೋಗುತ್ತವೆ?

ಟೀಚರೇ, ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಪೆರ್ಲ ಕಡೆಯ ನಿಮ್ಮ ಪದವಿನಲ್ಲಿ (ಗುಡ್ಡದ ಮೇಲಿನ ಪಾದೆಕಲ್ಲಿನ ಹುಲ್ಲುಬಯಲಿನಲ್ಲಿ) ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ಹೆಜ್ಜೆಗೊಂದು ಏಳುವ ಚಿಟ್ಟೆಗಳು ಫೆಬ್ರವರಿಗೆ ಕಾಣುವುದಿಲ್ಲ, ಸಾಯುತ್ತವೆಯೋ ಕೆಳಗಿನ ತೋಟಕ್ಕೆ ಇಳಿಯುತ್ತವೆಯೋ, ಮಕ್ಕಳ ಕೈಯಲ್ಲಿ ರೆಕ್ಕೆಗೆ ಪೆನ್ನಿನ ಗುರುತು ಹಾಕಿಸಿ ನೋಡಬಹುದೋ ಎಂದು ಕೇಳಿದ್ದೀರಿ.

ಗುರುತು ಈಗಲೇ ಬೇಡ. ಮೊದಲು ಒಂದು ವರ್ಷ ಒಂದೇ ದಾರಿಯಲ್ಲಿ ನಡೆದು ಎಣಿಸಿ. ಇಂಗ್ಲೆಂಡಿನಲ್ಲಿ ಪೊಲಾರ್ಡ್ ಎಂಬವರು ರೂಪಿಸಿದ ಕ್ರಮವಿದು, 1976ರಿಂದ ಅಲ್ಲಿ ಚಿಟ್ಟೆಗಳ ಲೆಕ್ಕ ಹೀಗೆಯೇ ನಡೆಯುತ್ತಿದೆ. ನಿಧಾನವಾಗಿ ನಡೆಯುತ್ತ ಎಡಕ್ಕೆ ಎರಡೂವರೆ ಮೀಟರ್, ಬಲಕ್ಕೆ ಎರಡೂವರೆ, ಮುಂದೆ ಐದು ಮೀಟರ್ ಒಳಗೆ ಕಂಡದ್ದನ್ನು ಮಾತ್ರ ಬರೆಯುವುದು. ಹಿಂದಿನಿಂದ ಬಂದದ್ದು ಲೆಕ್ಕಕ್ಕಿಲ್ಲ. ನಿಮ್ಮ ದಾರಿ ಪದವು, ಗೇರುಮರಗಳ ಇಳಿಜಾರು, ಅಡಿಕೆ ತೋಟದ ಅಂಚು, ಗದ್ದೆಯ ಹುಣಿ (ಬದು) ಎಲ್ಲವನ್ನೂ ಹಾದುಹೋಗಲಿ. ಒಂದೊಂದಕ್ಕೂ ಬೇರೆ ಬೇರೆ ಪುಟ ಇಡಿ, ಎಲ್ಲ ಕಡೆ ನಡೆಯುವ ದೂರ ಒಂದೇ ಇರಲಿ. ವಾರಕ್ಕೊಮ್ಮೆ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಸಾಕು. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಬೇಸಗೆಯಲ್ಲಿ ಆ ಹೊತ್ತಿಗೆ ಪಾದೆಕಲ್ಲು ಕಾದಿರುತ್ತದೆ.

ಒಂದೂ ಕಾಣದ ದಿನವನ್ನು ಬಿಡಬೇಡಿ, "ಸೊನ್ನೆ" ಎಂದು ಬರೆಯಿರಿ. ಮೊದಲ ವರ್ಷ ನಾನು ಚೆನ್ನಾಗಿ ಕಂಡ ದಿನಗಳನ್ನಷ್ಟೇ ಬರೆದಿಟ್ಟೆ. ಆ ಪುಸ್ತಕ ಯಾವ ಲೆಕ್ಕಕ್ಕೂ ಬರಲಿಲ್ಲ, ಇವತ್ತಿಗೂ ಆ ಬೇಸರ ಹೋಗಿಲ್ಲ.

ಹವೆಯನ್ನೂ ಪುಟದ ಮೇಲೆ ಬರೆಯಿಸಿ: ನೆರಳಿನ ಉಷ್ಣಾಂಶ, ಮೋಡ, ಗಾಳಿ, ಹಿಂದಿನ ದಿನ ಮಳೆ ಬಂದಿತ್ತೇ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ಎದೆಯ ಸ್ನಾಯು ಬೆಚ್ಚಗಾಗದೆ ಚಿಟ್ಟೆಗೆ ಹಾರಲಾಗುವುದಿಲ್ಲ. ಬ್ಲೂ ಪ್ಯಾನ್ಸಿ ಎಂಬ ಚಿಟ್ಟೆ ರೆಕ್ಕೆಯನ್ನು ನೆಲಕ್ಕೆ ಹರಡಿ ಬಿಸಿಲು ಕಾಯಿಸುತ್ತದೆ. ಗ್ರಾಸ್ ಯೆಲ್ಲೊ ಎಂಬುದು ರೆಕ್ಕೆ ಮುಚ್ಚಿಕೊಂಡು ಒಂದು ಮಗ್ಗುಲನ್ನು ಬಿಸಿಲಿಗೆ ಒಡ್ಡುತ್ತದೆ. ಮೋಡದ ದಿನ ಹುಲ್ಲಿನ ಬುಡದಲ್ಲಿ ಕೂತೇ ಇರುತ್ತವೆ, ನಾವು "ಕಡಿಮೆಯಾಯಿತು" ಎಂದು ಬರೆಯುತ್ತೇವೆ. ಮೋಡದ ಸೋಮವಾರವನ್ನು ಬಿಸಿಲಿನ ಸೋಮವಾರದ ಜೊತೆ ಹೋಲಿಸಿದರೆ ಸಿಗುವುದು ಹವೆಯ ಲೆಕ್ಕ, ಚಿಟ್ಟೆಯ ಲೆಕ್ಕವಲ್ಲ.

ಇನ್ನು ಎಲ್ಲಿಗೆ ಹೋಗುತ್ತವೆ ಎಂಬುದು. ಎಲ್ಲದಕ್ಕೂ ಒಂದೇ ಉತ್ತರ ಸಲ್ಲದು. ಗ್ರಾಸ್ ಬ್ಲೂ ಎಂಬ ಸಣ್ಣ ಚಿಟ್ಟೆಗಳ ಆಯುಸ್ಸೇ ಕಡಿಮೆ, ಸೋಣದಲ್ಲಿ ಕಂಡದ್ದು ತುಲಾದಲ್ಲಿ ಇರುವುದಿಲ್ಲ, ಆಗ ಕಾಣುವುದು ಅದರ ಮಕ್ಕಳೋ ಮೊಮ್ಮಕ್ಕಳೋ. ಗ್ರಾಸ್ ಯೆಲ್ಲೊ ಮೊಟ್ಟೆಯಿಡುವ ಗಿಡಗಳಲ್ಲಿ ಚಗತೆಯೂ ಒಂದು, ನಾವು ಪಲ್ಯ ಮಾಡುವ ತಜಂಕೇ. ಅದು ಒಣಗಿದರೆ ಆ ಜಾಗದಲ್ಲಿ ಮರಿಹುಳುವಿಗೆ ಮೇವಿಲ್ಲ. ಈವನಿಂಗ್ ಬ್ರೌನ್ ಚಿಟ್ಟೆ ವೇಷವನ್ನೇ ಬದಲಿಸುತ್ತದೆ. ಮಳೆಗಾಲದವಕ್ಕೆ ರೆಕ್ಕೆಯ ಅಡಿಯಲ್ಲಿ ಕಣ್ಣಿನಂಥ ಬೊಟ್ಟುಗಳು ಸ್ಪಷ್ಟ. ಬೇಸಗೆಯವಕ್ಕೆ ಅವು ಕುಗ್ಗಿ, ರೆಕ್ಕೆ ತರಗೆಲೆಯ ಹಾಗೆಯೇ ಕಾಣುತ್ತದೆ. ಗೇರುಮರದಡಿಯ ತರಗೆಲೆಯಲ್ಲಿ ಕೂತರೆ ಕಾಲಿಟ್ಟು ಎಬ್ಬಿಸುವವರೆಗೆ ತಿಳಿಯದು. ಮಕ್ಕಳು ಇದನ್ನು ಬೇರೆಯೇ ಜಾತಿ ಎಂದು ಬರೆಯದಂತೆ ನೋಡಿಕೊಳ್ಳಿ.

ಬ್ಲೂ ಟೈಗರ್, ಕ್ರೋ ಚಿಟ್ಟೆಗಳದು ನಿಜವಾದ ದೂರ ಪ್ರಯಾಣ. ಮುಂಗಾರಿಗೆ ಮೊದಲು ಘಟ್ಟದಿಂದ ಮೂಡಣ ಬಯಲಿನ ಕಡೆ ಹೋಗಿ, ಮಳೆ ಕಳೆದು ಅಕ್ಟೋಬರ್–ನವೆಂಬರಿನಲ್ಲಿ ಹಿಂದೆ ಬರುತ್ತವೆ. ಸಾಲು ಕಂಡರೆ ನಿಂತಲ್ಲೇ ಐದು ನಿಮಿಷ ಎಣಿಸಿ, ಯಾವ ದಿಕ್ಕಿಗೆ ಎಂದೂ ಬರೆಯಿರಿ.

ಲೆಕ್ಕ ಪದವಿನಲ್ಲಿ ಇಳಿದು ತೋಟದಂಚಿನಲ್ಲಿ ಏರಿದರೆ, ಚಿಟ್ಟೆಗಳು ಕೆಳಗೆ ಬಂದಿರಬಹುದು ಎಂಬ ಗುಮಾನಿ ಅಷ್ಟೆ. ತೋಟದಲ್ಲೇ ಹುಟ್ಟಿದವೂ ಆಗಿರಬಹುದು. ಅದನ್ನು ಬಿಡಿಸಲು ಗುರುತು ಬೇಕಾಗುತ್ತದೆ. ಹಿಂದಿನ ರೆಕ್ಕೆಯ ಅಡಿಯಲ್ಲಿ ಅಳಿಯದ ಸಣ್ಣ ಮೊನೆಯ ಪೆನ್ನಿನಲ್ಲಿ ಒಂದು ಅಂಕೆ ಬರೆಯುವುದು. ಇದರಿಂದ ಒಟ್ಟು ಎಷ್ಟಿವೆ ಎಂಬ ಅಂದಾಜೂ ಸಿಗುತ್ತದೆ: 40ಕ್ಕೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದ 30ರಲ್ಲಿ 6 ಗುರುತಿನವು ಇದ್ದರೆ, 40ನ್ನು 30ರಿಂದ ಗುಣಿಸಿ 6ರಿಂದ ಭಾಗಿಸಿ, 200. ಆದರೆ ಮಕ್ಕಳ ಬೆರಳಿಗೆ ಹುರುಪೆ ಉದುರಿ ರೆಕ್ಕೆ ಹರಿಯುತ್ತದೆ. ಗ್ರಾಸ್ ಬ್ಲೂಗಳನ್ನಂತೂ ಮುಟ್ಟಲೇಬಾರದು. ಕೆಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಕೈ ಪಳಗಿದ ದೊಡ್ಡವರೇ ಪ್ಯಾನ್ಸಿಯಂಥವಕ್ಕೆ ಮಾಡಲಿ.

ಮುಳಿಹುಲ್ಲಿಗೆ ಬೆಂಕಿ ಬಿದ್ದ ದಿನ, ಪಕ್ಕದಲ್ಲಿ ಕೆಂಪುಕಲ್ಲಿನ ಕೋರೆ ತೆರೆದ ದಿನ, ಇವನ್ನೂ ಅದೇ ಪುಸ್ತಕದಲ್ಲಿ ಬರೆಯಿಸಿ. ಹುಲ್ಲಿಗೆ ಅಂಟಿಕೊಂಡ ಚಿಟ್ಟೆಯ ಕೋಶಗಳು (ಪ್ಯೂಪಾ) ಹುಲ್ಲಿನ ಜೊತೆಗೇ ಸುಡುತ್ತವೆ. ಮೊದಲ ನಾಲ್ಕು ವಾರದ ಪುಟಗಳ ಫೋಟೋ ಇಲ್ಲಿ ಹಾಕಿ. ಬೇಕಾದರೆ ಒಂದು ಶನಿವಾರ ಬಾಯಾರಿನಿಂದ ನಾನೇ ಬಂದು ನಿಮ್ಮ ದಾರಿ ಅಳೆದು ಕೊಡುತ್ತೇನೆ.