ಮಗ ಯುದ್ಧದ ಧಾರಾವಾಹಿ ನೋಡ್ತಾನೆ, ಏನು ಮಾಡಲಿ?

ಪ್ರಶ್ನೆ: ಸಿಸ್ಟರ್, ಪಿಯುಸಿ ಓದುವ ನನ್ನ ಮಗ ‘ಬ್ಯಾಂಡ್ ಆಫ್ ಬ್ರದರ್ಸ್’ ಎಂಬ ಇಂಗ್ಲಿಷ್ ಧಾರಾವಾಹಿಯನ್ನು ಎರಡು ಸಲ ನೋಡಿ ಮುಗಿಸಿದ್ದಾನೆ. ಈಗ ಮಿಲಿಟರಿ ಸೇರುತ್ತೇನೆ ಎನ್ನುತ್ತಾನೆ. ನಾನೂ ಒಂದು ಕಂತು ನೋಡಲು ಕೂತೆ. ಬರೀ ಗುಂಡು, ಹೊಗೆ. ಯಾರು ಯಾರೆಂದೇ ತಿಳಿಯಲಿಲ್ಲ. ಅದು ನಿಮಗೆ ಬಲು ಇಷ್ಟದ ಧಾರಾವಾಹಿ ಎಂದು ಇದೇ ಅಂಕಣದಲ್ಲಿ ಬರೆದಿದ್ದಿರಿ. ನರ್ಸ್ ಆಗಿದ್ದ ನೀವು ಅದರಲ್ಲಿ ಏನು ಕಂಡಿರಿ?
– ಶಾಲಾ ಶಿಕ್ಷಕಿ, ಸಿಂಧನೂರು

ಉತ್ತರ: ಅಕ್ಕೋರೆ, ಮೊದಲ ಕಂತಿನಿಂದ ಶುರು ಮಾಡಬೇಡಿ. ಆರನೆಯದನ್ನು ಹಾಕಿ. ಹೆಲ್ಮೆಟ್ ಹಾಕಿದ ಮೇಲೆ ಎಲ್ಲ ಹುಡುಗರ ಮುಖವೂ ಒಂದೇ ಥರ ಕಾಣುತ್ತದೆ, ನನಗೂ ಹಾಗೇ ಆಗಿತ್ತು. ಆರನೇ ಕಂತಿನಲ್ಲಿ ಒಬ್ಬನನ್ನು ಹಿಡಿದುಕೊಂಡರೆ ಸಾಕು. ಅವನ ಹೆಸರು ಯೂಜೀನ್ ರೋ, ತುಕಡಿಯ ಮೆಡಿಕ್, ಅಂದರೆ ಕಾಳಗದ ನಡುವೆಯೇ ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಸೈನಿಕ.

2001ರಲ್ಲಿ ಬಂದ ಹತ್ತು ಕಂತುಗಳ ಧಾರಾವಾಹಿ ಅದು. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟಿನಿಂದ ಇಳಿದು ಕಾದಾಡಿದ ಅಮೆರಿಕದ ‘ಈಸಿ ಕಂಪನಿ’ ಎಂಬ ಸೇನಾ ತುಕಡಿಯ ನಿಜ ಕಥೆ. 1944ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಬಾಸ್ಟೋನ್ ಊರನ್ನು ಜರ್ಮನ್ನರು ಸುತ್ತುವರಿದಿದ್ದಾರೆ. ಕಾಡಿನ ತುಂಬ ಹಿಮ. ಮಂಜು ಕವಿದು ವಿಮಾನದಿಂದ ಸಾಮಾನು ಇಳಿಸುವಂತಿಲ್ಲ. ರೋ ಸೈನಿಕರು ಅಡಗಿ ಕೂತ ಗುಂಡಿಯಿಂದ ಗುಂಡಿಗೆ ಹೋಗಿ ಕೇಳುತ್ತಾನೆ: ಮಾರ್ಫಿನ್ ಇದೆಯಾ? ಬ್ಯಾಂಡೇಜ್ ಇದೆಯಾ? ಒಂದು ಕತ್ತರಿ ಇದೆಯಾ?

ಆ ಕತ್ತರಿ ಕೇಳಿದಾಗ ನಾನು ಎದ್ದು ಕೂತೆ. ಮೇ ತಿಂಗಳು, ಬಳ್ಳಾರಿಯ ಬಿಸಿಲು, ಕೂಲರ್ ಮುಂದೆ ಕೂತಿದ್ದವಳಿಗೆ ಮೈ ಜುಮ್ಮೆಂದಿತು.

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲದಲ್ಲಿ ನಾನು ಕ್ಯಾಜುವಾಲ್ಟಿಯಲ್ಲಿ ನೈಟ್ ಡ್ಯೂಟಿ ಮಾಡಿದ್ದೇನೆ. ಹೊಸಪೇಟೆ ರಸ್ತೆಯಲ್ಲಿ ಅಪಘಾತವಾದರೆ ಒಮ್ಮೆಲೇ ನಾಲ್ಕೈದು ಜನ ಬರುತ್ತಿದ್ದರು. ಪ್ಯಾಂಟು ರಕ್ತಕ್ಕೆ ಮೆತ್ತಿಕೊಂಡಿರುತ್ತದೆ, ಅದರ ಮೇಲೆ ಕೆಂಪು ಧೂಳು. ಬಟ್ಟೆ ಕತ್ತರಿಸದೆ ಗಾಯ ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ. ಹರಿತವಿದ್ದ ಕತ್ತರಿ ಒಂದೇ ಒಂದು. ಅದನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಏಪ್ರನ್ನಿಗೆ ಕಟ್ಟಿಕೊಂಡೇ ಓಡಾಡುತ್ತಿದ್ದೆ. “ಸಿಸ್ಟರ್, ಕತ್ರಿ ಎಲ್ಲೈತ್ರೀ?” ಎಂದು ವಾರ್ಡ್‌ಬಾಯ್ ಕೂಗಿದರೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. ನಿವೃತ್ತಿಯಾದ ಮೇಲೂ ಎಷ್ಟೋ ದಿನ ಹೋಗುತ್ತಿತ್ತು.

ಬಾಸ್ಟೋನ್ ಊರೊಳಗಿನ ತಾತ್ಕಾಲಿಕ ಆಸ್ಪತ್ರೆಯಲ್ಲಿ ರೋನಿಗೆ ಒಬ್ಬ ನರ್ಸ್ ಸಿಗುತ್ತಾಳೆ, ರೆನೀ. ತಲೆಗೆ ನೀಲಿ ವಸ್ತ್ರ ಕಟ್ಟಿರುತ್ತಾಳೆ. ಅವನಿಗೆ ಚಾಕೊಲೇಟ್ ಕೊಡುತ್ತಾಳೆ. ಬಾಂಬು ಬಿದ್ದ ಮೇಲೆ ಆ ಅವಶೇಷದಲ್ಲಿ ಅವನಿಗೆ ಸಿಗುವುದು ಆ ನೀಲಿ ವಸ್ತ್ರ ಮಾತ್ರ. ಆಮೇಲೆ ಜೊತೆಗಾರ ಹೆಫ್ರನ್‌ನ ಕೈಗೆ ಗಾಯವಾಗುತ್ತದೆ. ಕಟ್ಟಲು ಬೇರೇನೂ ಇಲ್ಲ. ರೋ ಆ ವಸ್ತ್ರವನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ತಡೆಯುತ್ತಾನೆ, ಆಮೇಲೆ ಅದರಿಂದಲೇ ಸುತ್ತುತ್ತಾನೆ. ಆ ಒಂದು ಕ್ಷಣವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅಲ್ಲಿಯವರೆಗೆ ಯಾರನ್ನೂ ಸಲಿಗೆಯ ಹೆಸರಿನಿಂದ ಕರೆಯದವನು ಆಗ ಹೆಫ್ರನ್‌ನನ್ನು ‘ಬೇಬ್’ ಎಂದು ಕರೆಯುತ್ತಾನೆ. ನಾವೂ ಹಾಗೇ ಇದ್ದೆವು ಅಕ್ಕೋರೆ. ‘ಮೂರನೇ ಬೆಡ್’, ‘ಏಳನೇ ಬೆಡ್’ ಎನ್ನುತ್ತಿದ್ದೆವು. ಹೆಸರು ಹಿಡಿದರೆ ಬೆಳಿಗ್ಗೆ ಮನೆಗೆ ಹೋಗಿ ನಿದ್ದೆ ಬರುತ್ತಿರಲಿಲ್ಲ.

ರೆನೀ ಲೆಮೇರ್ ನಿಜವಾಗಿ ಬದುಕಿದ್ದವಳು. 1944ರ ಡಿಸೆಂಬರ್ 24ರ ದಾಳಿಯಲ್ಲಿ ತೀರಿಹೋದಳು. ಅದೇ ಊರಿನಲ್ಲಿ ಗಾಯಾಳುಗಳ ಸೇವೆ ಮಾಡಿದ ಇನ್ನೊಬ್ಬ ನರ್ಸ್ ಆಗಸ್ಟಾ ಚಿವಿ ಬದುಕುಳಿದರು. ಬೆಲ್ಜಿಯಂ ಅವರನ್ನು ಗೌರವಿಸಿದ್ದು 2011ರಲ್ಲಿ, ಅಷ್ಟೊತ್ತಿಗೆ ಅವರಿಗೆ ತೊಂಬತ್ತರ ವಯಸ್ಸು. ಇಷ್ಟು ತಡವಾಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಧಾರಾವಾಹಿಯಲ್ಲಿ ತಪ್ಪೂ ಇದೆ. ಬ್ಲೈತ್ ಎಂಬ ಸೈನಿಕ 1948ರಲ್ಲಿ ಸತ್ತನೆಂದು ಮೂರನೇ ಕಂತಿನ ಕೊನೆಗೆ ಬರುತ್ತದೆ. ಆತ ಸೇನೆಯಲ್ಲೇ ಮುಂದುವರಿದು 1967ರವರೆಗೆ ಬದುಕಿದ್ದರು. ಮಗನಿಗೆ ಇದನ್ನೂ ಹೇಳಿ.

ಮಿಲಿಟರಿ ಬೇಡವೆಂದು ಅವನ ಜೊತೆ ಜಗಳಕ್ಕೆ ಇಳಿಯಬೇಡಿ. ಆರನೇ ಕಂತನ್ನು ಅವನ ಪಕ್ಕದಲ್ಲೇ ಕೂತು ನೋಡಿ. ಒಂಬತ್ತನೆಯದರಲ್ಲಿ ನಾಜಿಗಳ ಸೆರೆಶಿಬಿರ ಬರುತ್ತದೆ, ಅದನ್ನು ಮಲಗುವ ಹೊತ್ತಿಗೆ ಹಾಕಬೇಡಿ. ಕಂತು ಶುರುವಾಗುವ ಮೊದಲು ಮಾತಾಡುವ ಮುದುಕರು ನಿಜವಾದ ಈಸಿ ಕಂಪನಿಯವರು, ಅವರ ಹೆಸರು ತೋರಿಸುವುದು ಕೊನೆಯ ಕಂತಿನಲ್ಲೇ. ಅವರಲ್ಲಿ ನಿಮ್ಮ ಮಗ ಯಾರನ್ನು ಗುರುತು ಹಿಡಿದ, ಬರೆದು ತಿಳಿಸಿ.