ಮೊಲದ ಕಣ್ಣಿನಿಂದ ನಮಗೇನು?

ದಾವಣಗೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಕಾಗದದ ಮುಖ್ಯ ಭಾಗ ಇದು:

“ಅಪ್ಪನಿಗೆ ಮಲ್ಟಿಪಲ್ ಮೈಲೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಎಂದು ಗೊತ್ತಾಗಿ ಒಂದೂವರೆ ವರ್ಷವಾಯಿತು. ತಿಂಗಳಿಗೊಮ್ಮೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಬೆಳಿಗ್ಗೆ ಐದಕ್ಕೇ ಚೀಟಿ ಮಾಡಿಸಲು ಸಾಲು ನಿಲ್ಲುತ್ತೇವೆ. ದಿನಾ ರಾತ್ರಿ ಮಲಗುವ ಮುಂಚೆ ಅವರಿಗೆ ಥಾಲಿಡೊಮೈಡ್ ಕ್ಯಾಪ್ಸೂಲ್ ಕೊಡುತ್ತೇನೆ. ಕಳೆದ ಸಂಚಿಕೆಯಲ್ಲಿ ನೀವು ನಾಲ್ಕು ಪುಟ ತುಂಬ ಮೊಲದ ಕಣ್ಣಲ್ಲಿ ರಕ್ತನಾಳ ಬೆಳೆಸುತ್ತ ಕೂತ ಅಮೆರಿಕದ ಡಾಕ್ಟರ ಕಥೆ ಹಾಕಿದ್ದೀರಿ. ಅದರ ಬದಲು ರಕ್ತ ಎಲ್ಲಿ ಸಿಗುತ್ತದೆ, ಯಾವ ಯೋಜನೆಯಲ್ಲಿ ಎಷ್ಟು ದುಡ್ಡು ಸಿಗುತ್ತದೆ ಎಂದು ಬರೆದಿದ್ದರೆ ನಾಲ್ಕು ಜನಕ್ಕೆ ಉಪಯೋಗವಾಗುತ್ತಿತ್ತು. ಮೊಲದ ಕಣ್ಣಿನಿಂದ ನಮಗೇನು?”

ತಾಯೀ, ನಿಮ್ಮ ಕಾಗದ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ರಕ್ತದ ವಿಷಯ, ದುಡ್ಡಿನ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಬರೆಯಬೇಕಿತ್ತು, ಬರೆಸುತ್ತೇವೆ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ದಿನಾ ರಾತ್ರಿ ನೀವೇ ಅದನ್ನು ಅಪ್ಪನ ಅಂಗೈಗೆ ಹಾಕುತ್ತಿದ್ದೀರಿ. ಆ ಕ್ಯಾಪ್ಸೂಲ್ ಮೈಲೋಮಾ ರೋಗಿಗಳ ಕೈಗೆ ಬಂದದ್ದು ಮೊಲದ ಕಣ್ಣಿನ ದಾರಿಯಿಂದಲೇ.

ಆ ಲೇಖನದಲ್ಲಿ ಇದನ್ನು ಬಿಡಿಸಿ ಹೇಳದೆ ಹೋದದ್ದು ನಮ್ಮ ತಪ್ಪು. ಈಗ ಹೇಳುತ್ತೇನೆ, ಸ್ವಲ್ಪ ಸಮಾಧಾನದಿಂದ ಓದಿ.

ನೀವು ಹೇಳಿದ ಆ ಅಮೆರಿಕದ ಡಾಕ್ಟರು ಜೂಡಾ ಫೋಕ್‌ಮನ್, ಶಸ್ತ್ರಚಿಕಿತ್ಸಕ. 1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದಾಗ, ದೂರ ಹೋಗುವ ಹಡಗುಗಳಿಗೆ ರಕ್ತದ ಬದಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದರು. ದೇಹದಿಂದ ತೆಗೆದ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಪಾತ್ರೆಯಲ್ಲಿ ಹಿಮೋಗ್ಲೋಬಿನ್ ದ್ರಾವಣ ಹರಿಸಿ ಜೀವಂತ ಇಟ್ಟು, ಅದರಲ್ಲಿ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ಗಡ್ಡೆ ಗುಂಡುಸೂಜಿಯ ತಲೆಯಷ್ಟಾಗಿ ಅಲ್ಲಿಗೇ ನಿಂತಿತು. ಅದೇ ಕೋಶಗಳನ್ನು ಇಲಿಗೆ ಹಾಕಿದರೆ ಭರಭರನೆ ಬೆಳೆಯಿತು. ವ್ಯತ್ಯಾಸ ಒಂದೇ. ಇಲಿಯ ಮೈಯಲ್ಲಿ ಗಡ್ಡೆಗೆ ಹೊಸ ರಕ್ತನಾಳಗಳು ಬಂದಿದ್ದವು, ಗಾಜಿನ ಪಾತ್ರೆಯಲ್ಲಿ ಬಂದಿರಲಿಲ್ಲ. ಕಾಲುವೆ ಬಾರದ ಗದ್ದೆ ಎಷ್ಟು ಬೆಳೆದೀತು?

ಈ ಒಂದು ನೋಟವನ್ನು ಅವರು ಜೀವನಪೂರ್ತಿ ಬಿಡಲಿಲ್ಲ. ಗಡ್ಡೆ ತಾನೇ ಏನೋ ಸೂಚನೆ ಕಳಿಸಿ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ, ಆ ಕರೆಯನ್ನು ತಡೆದರೆ ಗಡ್ಡೆ ಬಾಡುತ್ತದೆ ಎಂದು 1971ರಲ್ಲಿ ಬರೆದರು. ಬಲ್ಲವರು ನಂಬಲಿಲ್ಲ. ಅದು ಬರೀ ಉರಿಯೂತ ಎಂದರು. ಆ ಕರೆಯನ್ನು ಕಣ್ಣಾರೆ ತೋರಿಸಲೆಂದೇ ಮೊಲದ ಕಣ್ಣು ಬೇಕಾಯಿತು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಲ್ಲಿ ರಕ್ತನಾಳಗಳೇ ಇರುವುದಿಲ್ಲ. ಅಲ್ಲಿ ಗಡ್ಡೆಯ ಚೂರು ಇಟ್ಟರೆ, ಅಂಚಿನಿಂದ ಕೆಂಪು ಎಳೆಗಳು ನೇರ ಅದರ ಕಡೆಗೇ ಹರಿದು ಬರುವುದು ಕಾಣಿಸುತ್ತದೆ. ಇನ್ನೊಂದು ಸಾಧನ ಕೋಳಿಮೊಟ್ಟೆ.

ಮೊಟ್ಟೆಯ ಮಾತು ಬಂದಾಗ ನನಗೆ ನಮ್ಮ ಪಿಯುಸಿ ಮೇಷ್ಟರು ನೆನಪಾಗುತ್ತಾರೆ. ನಾಲ್ಕು ದಿನ ಕಾವು ಕೊಟ್ಟ ಮೊಟ್ಟೆ ತಂದು, ಚಿಪ್ಪಿನ ಮೇಲೆ ನಾಲ್ಕಾಣೆಯಷ್ಟು ಅಗಲ ಒಡೆದು, ಒಬ್ಬೊಬ್ಬರನ್ನೇ ಕರೆದು ಬಗ್ಗಿ ನೋಡಿ ಎಂದರು. ಹಳದಿಯ ಮೇಲೆ ಕೆಂಪು ದಾರದ ಬಲೆ, ನಡುವೆ ಸಾಸಿವೆಯಷ್ಟು ಚುಕ್ಕೆ ಟಕ್ ಟಕ್ ಎಂದು ಮಿಡಿಯುತ್ತಿತ್ತು. ಹುಡುಗರೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಪರೀಕ್ಷೆಯಲ್ಲಿ ಅದರ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಹೋದ ವರ್ಷ ಅದೇ ಊರಿಗೆ ಹೋಗಿದ್ದಾಗ ಒಂದು ಕಾಲೇಜಿನ ಲ್ಯಾಬ್ ನೋಡಿದೆ. ಬಾಗಿಲಿಗೆ ಬೀಗ, ಸೂಕ್ಷ್ಮದರ್ಶಕಗಳ ಮೇಲೆ ಧೂಳು ಹಿಡಿದ ಪ್ಲಾಸ್ಟಿಕ್ ಹೊದಿಕೆ. ಸೀನಿಯರ್‌ಗಳ ರೆಕಾರ್ಡ್ ಬುಕ್ ನೋಡಿ ಹುಡುಗರು ಚಿತ್ರ ಬರೆಯುತ್ತಾರಂತೆ. “ಸಿಇಟಿಗೆ ಅದು ಬರಲ್ಲ ಸರ್” ಎಂದರು ಅಲ್ಲಿದ್ದವರು. ಇದರಿಂದ ಏನು ಉಪಯೋಗ ಎಂಬ ಪ್ರಶ್ನೆ ಎಲ್ಲಿಯವರೆಗೆ ಬಂದು ಕೂತಿದೆ ನೋಡಿ. ನಿಮ್ಮದು ನೋವಿನ ಪ್ರಶ್ನೆ, ಕೇಳುವ ಹಕ್ಕು ನಿಮಗಿದೆ. ದಿನಾ ಇದನ್ನೇ ಕೇಳುವ ಆಡಳಿತ ಮಂಡಳಿಗಳಿಗೆ ಆ ಹಕ್ಕು ಯಾರು ಕೊಟ್ಟರು?

ಮತ್ತೆ ನಿಮ್ಮ ಕ್ಯಾಪ್ಸೂಲಿಗೆ ಬರುತ್ತೇನೆ. ಥಾಲಿಡೊಮೈಡ್ ಶಾಪಗ್ರಸ್ತ ಔಷಧಿ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಮಾತ್ರೆಯಾಗಿ ಮಾರಾಟಕ್ಕೆ ಬಂತು. ಬಸುರಿಯರು ವಾಕರಿಕೆಗೂ ನುಂಗಿದರು. ಕೈಕಾಲು ಬೆಳೆಯದ ಹತ್ತು ಸಾವಿರಕ್ಕೂ ಹೆಚ್ಚು ಕೂಸುಗಳು ಹುಟ್ಟಿದವು. 1961ರ ಕೊನೆಗೆ ಅಲ್ಲಿ ಅದನ್ನು ಹಿಂತೆಗೆದುಕೊಂಡರು. ಮೂವತ್ತು ವರ್ಷಗಳ ಮೇಲೆ ಫೋಕ್‌ಮನ್ ಪ್ರಯೋಗಾಲಯದ ರಾಬರ್ಟ್ ಡಿ’ಅಮಾಟೊ ಎಂಬ ಯುವಕ ಯೋಚಿಸಿದ: ಕೈಕಾಲು ಬೆಳೆಯದೆ ಹೋದದ್ದು ಅಲ್ಲಿಗೆ ರಕ್ತನಾಳ ಬೆಳೆಯದ ಕಾರಣಕ್ಕೆ ಇರಬಹುದೇ? ಮೊಲಕ್ಕೆ ಈ ಔಷಧಿ ಕೊಟ್ಟು ಕಣ್ಣು ನೋಡಿದರು. ಕೆಂಪು ಎಳೆಗಳ ಬೆಳವಣಿಗೆ ತಗ್ಗಿತ್ತು. ಅದು 1994.

ಇನ್ನು ಮುಂದಿನದು ನಿಮ್ಮಂಥವರ ಕಥೆ. ನ್ಯೂಯಾರ್ಕಿನಲ್ಲಿ ಹರೆಯದ ವೈದ್ಯನೊಬ್ಬನಿಗೆ ಮೈಲೋಮಾ. ಇದ್ದಬದ್ದ ಚಿಕಿತ್ಸೆ ಮುಗಿದಿತ್ತು. ಅವನ ಹೆಂಡತಿ ಸುಮ್ಮನೆ ಕೂರಲಿಲ್ಲ. ಸಿಕ್ಕಿದ್ದೆಲ್ಲ ಓದಿದಳು, ಸಿಕ್ಕವರಿಗೆಲ್ಲ ಫೋನ್ ಮಾಡಿದಳು, ಫೋಕ್‌ಮನ್‌ಗೂ ಮಾಡಿದಳು. ಅವರು ಥಾಲಿಡೊಮೈಡ್ ಹೆಸರು ಹೇಳಿದರು. ಆರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಬಾರ್ಟ್ ಬಾರ್ಲೊಗಿ ಎಂಬ ತಜ್ಞರನ್ನು ಅದನ್ನು ಕೊಟ್ಟು ನೋಡಲು ಒಪ್ಪಿಸಿದ್ದಾಯಿತು. ಅವಳ ಗಂಡ ಉಳಿಯಲಿಲ್ಲ. ಆದರೆ ಅದೇ ಔಷಧಿ ಕೊಟ್ಟ ಇನ್ನೊಬ್ಬ ರೋಗಿ ಚೇತರಿಸಿಕೊಂಡ. ಆಮೇಲೆ 84 ಜನರ ಮೇಲೆ ನೋಡಿದರು. ಬೇರೆ ಯಾವ ಔಷಧಿಗೂ ಬಗ್ಗದವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಗುಣ ಕಂಡಿತು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಟಹಿಡಿದ ಒಬ್ಬ ಹೆಂಡತಿ, ಹಟಹಿಡಿದ ಒಬ್ಬ ಡಾಕ್ಟರು. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ನಿಮ್ಮ ಅಪ್ಪನಿಗೆ ಈ ಕ್ಯಾಪ್ಸೂಲ್ ಸಿಗುತ್ತಿತ್ತೋ ಇಲ್ಲವೋ.

ಒಂದು ಮಾತು ಮುಚ್ಚಿಡಬಾರದು. ಮೈಲೋಮಾದಲ್ಲಿ ಇದು ಕೆಲಸ ಮಾಡುವುದು ರಕ್ತನಾಳ ತಡೆಯುವುದರಿಂದಲೇ ಅಲ್ಲ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಔಷಧಿ ಹೋಗಿ ಅಂಟಿಕೊಳ್ಳುವುದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಎಂದು ಕಂಡುಹಿಡಿದರು, ಆಮೇಲೆ ಲೆಕ್ಕ ಬೇರೆಯಾಯಿತು. ಒಂದನ್ನು ಹುಡುಕುತ್ತ ಹೋಗಿ ಇನ್ನೊಂದು ಸಿಗುವುದು ಹೊಸದಲ್ಲ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರನ್ನೇ ನೋಡಿ. 1930ರ ಸುಮಾರಿಗೆ ಮುಂಬಯಿಯಲ್ಲಿ ಬಸುರಿ ಹೆಂಗಸರ ರಕ್ತಹೀನತೆಗೆ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಯೀಸ್ಟಿನ ಸಾರ ಕೊಟ್ಟು ಗುಣಪಡಿಸಿದ್ದರು. ಆ ಗುಣದ ಹಿಂದಿದ್ದ ಫೋಲಿಕ್ ಆಮ್ಲವನ್ನು ಸುಬ್ಬರಾವ್ ತಂಡ ಅಮೆರಿಕದಲ್ಲಿ ತಯಾರಿಸಿತು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದೇ ಜಾತಿಯ ಪದಾರ್ಥವನ್ನು ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಕೊಟ್ಟರೆ ರೋಗ ಇನ್ನೂ ಜೋರಾಯಿತು. ಹಾಗಾದರೆ ಫೋಲಿಕ್ ಆಮ್ಲವನ್ನು ತಡೆಯುವ ವಸ್ತು ಕೊಡೋಣ ಎಂದರು. ತಡೆಯುವ ಆ ವಸ್ತು, ಅಮಿನೊಪ್ಟೆರಿನ್, ಬಂದದ್ದು ಸುಬ್ಬರಾವ್ ತಂಡದಿಂದಲೇ. 1948ರಲ್ಲಿ 16 ಮಕ್ಕಳಲ್ಲಿ 10 ಮಕ್ಕಳಿಗೆ ಕೆಲಕಾಲ ರೋಗ ಹಿಮ್ಮೆಟ್ಟಿತು. ಅಲ್ಲಿಯವರೆಗೆ ಆ ರೋಗಕ್ಕೆ ಔಷಧಿ ಎಂಬುದೇ ಇರಲಿಲ್ಲ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ನಮ್ಮ ಪಕ್ಕದ ನಾಡಿನವರು. ನಮ್ಮ ಪಠ್ಯಪುಸ್ತಕ ಓದಿದ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತು?

ಪತ್ರಿಕೆಯವರಾದ ನಮ್ಮ ಪಾಲೂ ಇದರಲ್ಲಿದೆ. 1998ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಮೊದಲ ಪುಟದಲ್ಲಿ ಫೋಕ್‌ಮನ್ ಸಂಶೋಧನೆಯ ಸುದ್ದಿ ಹಾಕಿದಾಗ ಒಂದು ಕಂಪನಿಯ ಷೇರು ಆಕಾಶಕ್ಕೆ ಏರಿತು, ಆಸ್ಪತ್ರೆಗಳ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಕ್ಯಾನ್ಸರ್ ಬಂದಿರುವುದು ಇಲಿಗಾದರೆ ನಾವು ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂದಷ್ಟೇ ಆ ಮನುಷ್ಯ ಹೇಳಿದ್ದರು. ವಾರಕ್ಕೊಂದು ರಾಮಬಾಣ ಮುದ್ರಿಸುವ ನಾವು, ಇಪ್ಪತ್ತು ಮೂವತ್ತು ವರ್ಷ ಒಂದೇ ಪ್ರಶ್ನೆಯ ಮುಂದೆ ಕೂತವರಿಗೆ ನಾಲ್ಕು ಪುಟ ಕೊಟ್ಟರೆ ದುಂದು ಎಂದು ನನಗೆ ಅನಿಸುವುದಿಲ್ಲ.

ನೀವು ಕೇಳಿದ ಮಾಹಿತಿ ಮುಂದಿನ ಸಂಚಿಕೆಯಲ್ಲಿರುತ್ತದೆ. ಅಷ್ಟರೊಳಗೆ ಒಂದು ಕೆಲಸ ಮಾಡಿ. ಕ್ಯಾಪ್ಸೂಲ್ ಪೊಟ್ಟಣದ ಮೇಲೆ ಬಸುರಿಯರಿಗೆ ಎಚ್ಚರಿಕೆ ಬರೆದಿರುತ್ತದೆ, ಅದನ್ನು ಮನೆಯವರೆಲ್ಲರಿಗೂ ಓದಿ ಹೇಳಿ. ಮನೆಯಲ್ಲಿ ಬಸುರಿ ಸೊಸೆಯೋ ಮಗಳೋ ಇದ್ದರೆ ಒಡೆದ ಕ್ಯಾಪ್ಸೂಲ್ ಅವರು ಮುಟ್ಟಬಾರದು. ಅಪ್ಪನಿಗೆ ಕಾಲು ಜೋಮು ಹಿಡಿಯುವುದು, ಒಂದು ಕಾಲು ಮಾತ್ರ ಊದುವುದು ಕಂಡರೆ ಮುಂದಿನ ತಿಂಗಳ ಬಸ್ಸಿಗೆ ಕಾಯದೆ ಆವತ್ತೇ ಡಾಕ್ಟರಿಗೆ ತಿಳಿಸಿ. ಅವರ ಮುಂದಿನ ರಿಪೋರ್ಟ್ ಬಂದಾಗ ನಮಗೂ ಒಂದು ಸಾಲು ಬರೆಯಿರಿ.

— ಸಂಪಾದಕ