ಮಾರಾಟಕ್ಕಿಟ್ಟು ವರ್ಷ ಕಳೆದ ಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ 15 ಸೆಂಟ್ಸ್ ಜಾಗದಲ್ಲಿ 1,400 ಚದರ ಅಡಿಯ ತಾರಸಿ ಮನೆ ಇದೆ. ಕಟ್ಟಿ 18 ವರ್ಷ ಆಗಿದೆ, ಮಾರಾಟಕ್ಕಿಟ್ಟು 14 ತಿಂಗಳು. ಮೊದಲು 58 ಲಕ್ಷ ಹೇಳಿದವರು ಈಗ 52ಕ್ಕೆ ಬಂದಿದ್ದಾರೆ. ಇನ್ನೆಷ್ಟು ಇಳಿಸಿ ಕೇಳಬಹುದು? (ಓದುಗರು, ಬದಿಯಡ್ಕ)

ಅದಕ್ಕೆ ಮೊದಲು, 14 ತಿಂಗಳಲ್ಲಿ ಅದು ಯಾಕೆ ಹೋಗಲಿಲ್ಲ ಎಂದು ವಿಚಾರಿಸಿ. ಬೆಲೆ ಹೆಚ್ಚಾಗಿ ಉಳಿದ ಮನೆ ಬೇರೆ, ಕಾಗದಪತ್ರ ಸರಿಯಿಲ್ಲದೆ ಉಳಿದ ಮನೆ ಬೇರೆ. ಬ್ರೋಕರನ್ನು ನೇರವಾಗಿ ಕೇಳಿ: ಅಡ್ವಾನ್ಸ್ ಕೊಟ್ಟು ವಾಪಸು ಪಡೆದವರು ಯಾರಾದರೂ ಇದ್ದಾರೆಯೇ? ಇದ್ದರೆ ಬ್ಯಾಂಕಿನ ವಕೀಲರು ಏನೋ ಕಂಡು ತಡೆದಿರುವ ಸಾಧ್ಯತೆ ಹೆಚ್ಚು. ನೆರೆಮನೆಯವರನ್ನು ನೀರಿನ ಬಗ್ಗೆ ಮತ್ತು ದಾರಿಯ ಬಗ್ಗೆ ಕೇಳಿ. ಈ ಎರಡು ವಿಷಯದಲ್ಲಿ ಅವರು ಹೇಳುವುದನ್ನು ಮಾರುವವರು ಹೇಳಲಿಕ್ಕಿಲ್ಲ.

ಬೆಲೆಯನ್ನು 52ರಿಂದ ಕೆಳಗೆ ಇಳಿಸುತ್ತಾ ಹೋಗಬೇಡಿ, ನೆಲದಿಂದ ಮೇಲಕ್ಕೆ ಕಟ್ಟಿಕೊಂಡು ಬನ್ನಿ. ಆಸುಪಾಸಿನಲ್ಲಿ ಕಳೆದ ಒಂದೆರಡು ವರ್ಷದಲ್ಲಿ ನಿಜವಾಗಿ ಕೈಬದಲಾದ ಎರಡು ಮೂರು ಜಾಗಗಳ ದರ ತಿಳಿದುಕೊಳ್ಳಿ. ಕೇಳಿದ ದರ ಲೆಕ್ಕಕ್ಕಿಲ್ಲ, ಕೊಟ್ಟ ದರ ಬೇಕು. ಈಗ ಹೊಸದಾಗಿ ಕಟ್ಟಿದರೆ ಚದರ ಅಡಿಗೆ ಎಷ್ಟಾಗುತ್ತದೆಂದು ಊರಿನ ಮೇಸ್ತ್ರಿಯಿಂದ ಕೇಳಿ, ಅದರಲ್ಲಿ ವಯಸ್ಸಿನ ಸವೆತ ಕಳೆಯಿರಿ. ಉದಾಹರಣೆಗೆ ಸೆಂಟಿಗೆ 1.6 ಲಕ್ಷ ಎಂದಾದರೆ ಜಾಗಕ್ಕೆ 24 ಲಕ್ಷ. ಚದರ ಅಡಿಗೆ 2,000 ಎಂದಾದರೆ ಮನೆಗೆ 28 ಲಕ್ಷ, ವರ್ಷಕ್ಕೆ ಶೇ. 1.5ರಂತೆ 18 ವರ್ಷಕ್ಕೆ ಶೇ. 27 ಕಳೆದರೆ ಉಳಿಯುವುದು 20.44 ಲಕ್ಷ. ಒಟ್ಟು 44.44. ವಯರಿಂಗ್ ಬದಲಿಸಲು, ತಾರಸಿಯ ಸೋರಿಕೆ ನಿಲ್ಲಿಸಲು ಎರಡೂವರೆ ಲಕ್ಷ ಬೇಕಿದ್ದರೆ 42ರ ಹತ್ತಿರ ನಿಲ್ಲುತ್ತದೆ. ದರಗಳು ಉದಾಹರಣೆಗೆ ಮಾತ್ರ, ಲೆಕ್ಕದ ದಾರಿ ಇದು. ಈ ಹಾಳೆಯನ್ನು ಮಾರುವವರ ಮುಂದೆ ಇಟ್ಟು ಮಾತಾಡಿ. "ಸ್ವಲ್ಪ ಕಡಿಮೆ ಮಾಡಿ" ಎಂಬ ಮಾತಿಗೆ ಐವತ್ತು ಸಾವಿರ ಇಳಿಯಬಹುದು, ಲೆಕ್ಕಕ್ಕೆ ಐದು ಲಕ್ಷ ಇಳಿಯುವುದುಂಟು.

ಬೆಲೆಯಲ್ಲಿ ಜಗ್ಗದವರು ಷರತ್ತಿನಲ್ಲಿ ಜಗ್ಗುತ್ತಾರೆ. ವ್ಯಾಪಾರ ಮಂದ ಇರುವಾಗ ನಿಮ್ಮ ಹಿಂದೆ ಇನ್ನೊಬ್ಬ ಕೊಳ್ಳುವವರು ಕಾದು ನಿಂತಿರುವುದಿಲ್ಲ. ಅದನ್ನು ಉಪಯೋಗಿಸಿ. ಅಡ್ವಾನ್ಸ್ ಶೇ. 5ಕ್ಕಿಂತ ಮೇಲೆ ಹೋಗಬೇಡಿ, ಅವಧಿ ಆರು ತಿಂಗಳು ಕೇಳಿ. ಕರಾರಿನಲ್ಲಿ ಮೂರು ಮಾತು ಇರಲೇಬೇಕು: ಅಳತೆಯಲ್ಲಿ ಸಿಕ್ಕಿದಷ್ಟಕ್ಕೇ ಹಣ, ಸಾಲ, ತೆರಿಗೆ ಬಾಕಿ ತೀರಿಸುವುದು ಮಾರುವವರ ಹೊಣೆ, ಹಕ್ಕಿನಲ್ಲಿ ದೋಷ ಕಂಡರೆ ಅಡ್ವಾನ್ಸ್ ಪೂರ್ತಿ ವಾಪಸು. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಅಡ್ವಾನ್ಸನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ. ಬ್ಯಾಂಕ್ ಮೂಲಕವೇ ಕೊಡಿ.

ಯಾವ ಯಾವ ದಾಖಲೆ ನೋಡಬೇಕು? ಮಾರುವವರು ಆಧಾರದ (ಜಾಗದ ನೋಂದಾಯಿತ ಪತ್ರ, ಆಧಾರ್ ಕಾರ್ಡ್ ಅಲ್ಲ) ಜೆರಾಕ್ಸ್ ಮತ್ತು ತೀರ್ವೆ (ಭೂಕಂದಾಯ) ರಶೀದಿ ಕೊಟ್ಟು "ಎಲ್ಲ ಕ್ಲಿಯರ್" ಅನ್ನುತ್ತಿದ್ದಾರೆ. (ಓದುಗರು, ಕುಂಬಳೆ)

ಜೆರಾಕ್ಸ್ ಸಾಲದು. ಮೂಲ ಆಧಾರವನ್ನು ಕಣ್ಣಾರೆ ನೋಡಬೇಕು. ಅದು ಮಾರುವವರ ಕೈಯಲ್ಲಿಲ್ಲದಿದ್ದರೆ ಯಾವುದೋ ಬ್ಯಾಂಕಿನಲ್ಲಿ ಅಡವಿದೆ ಎಂದೇ ಹಿಡಿಯಿರಿ. ಆಧಾರ ಇಟ್ಟು ತೆಗೆದ ಸಾಲ ಋಣಭಾರ ಪತ್ರದಲ್ಲಿ, ಅಂದರೆ ಇಸಿಯಲ್ಲಿ, ಕಾಣದೇ ಹೋಗಬಹುದು. ಸಹಕಾರಿ ಬ್ಯಾಂಕಿನ ಸಾಲವಾದರೆ "ಗಹಾನ್" (ಸಾಲಕ್ಕೆ ಜಾಗ ಒತ್ತೆಯಿಟ್ಟ ನಮೂದು) ಎಂದು ಇಸಿಯಲ್ಲೇ ಬರುತ್ತದೆ. ಸಾಲ ತೀರಿದ್ದರೂ ಗಹಾನ್ ರದ್ದುಪಡಿಸದೆ ಬಿಟ್ಟಿರುವುದು ಸಾಮಾನ್ಯ, ರದ್ದತಿಯ ನಮೂದು ಬಂದ ಮೇಲೆಯೇ ಮುಂದುವರಿಯಿರಿ. ಇಸಿ 30 ವರ್ಷದ್ದು ತೆಗೆಸಿ.

ಈಗಿನ ಆಧಾರದಿಂದ ಹಿಂದಿನ ಆಧಾರಕ್ಕೆ, ಅಲ್ಲಿಂದ ಅದರ ಹಿಂದಿನದಕ್ಕೆ ಸರಪಳಿ ಎಲ್ಲೂ ತುಂಡಾಗಬಾರದು. ಕಾಸರಗೋಡು, ಮಂಜೇಶ್ವರ ಕಡೆ ಆ ಸರಪಳಿಯ ಬುಡ ಹೆಚ್ಚಾಗಿ ಭೂ ನ್ಯಾಯಮಂಡಳಿ ಗೇಣಿದಾರರಿಗೆ ಕೊಟ್ಟ ಪಟ್ಟೆ (ಒಡೆತನದ ಪತ್ರ) ಆಗಿರುತ್ತದೆ. ಕೇರಳದಲ್ಲಿ ಗೇಣಿ ಪದ್ಧತಿ ಹೋದದ್ದು 1970ರ ಜನವರಿ 1ರಿಂದ. 1956ರ ನವೆಂಬರಿಗೆ ಮೊದಲು, ನಾವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗಿನ ದಾಖಲೆಗಳು ಕನ್ನಡದಲ್ಲಿವೆ. ಬ್ಯಾಂಕಿನ ವಕೀಲರಿಗೆ ಕನ್ನಡ ಓದಲು ಬಾರದಿದ್ದರೆ ಅಭಿಪ್ರಾಯ ಪತ್ರ ಅಲ್ಲೇ ಕೂರುತ್ತದೆ. ಮಲಯಾಳ ಅಥವಾ ಇಂಗ್ಲಿಷ್ ಅನುವಾದ ಮೊದಲೇ ಮಾಡಿಸಿಡಿ. ನೀವು ಸಹಿ ಹಾಕುವ ಹೊಸ ಆಧಾರ ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ, ಕರಡನ್ನು ಎರಡು ದಿನ ಮೊದಲೇ ಪಡೆದು ಗೊತ್ತಿದ್ದವರಿಂದ ಚೆಕ್ಕುಬಂದಿ ಸಹಿತ ಓದಿಸಿ.

ಇನ್ನು ಕುಮ್ಕಿ. "15 ಸೆಂಟ್ಸ್" ಎಂದು ಪಾಗಾರ ಹಾಕಿ ತೋರಿಸುತ್ತಾರೆ. ತೀರ್ವೆ ರಶೀದಿಯಲ್ಲಿ ಅಳತೆ ಆರ್ ಲೆಕ್ಕದಲ್ಲಿರುತ್ತದೆ: ಒಂದು ಆರ್ ಅಂದರೆ 2.47 ಸೆಂಟ್ಸ್. 15 ಸೆಂಟ್ಸಿಗೆ 6.07 ಆರ್ ಇರಬೇಕು. ರಶೀದಿಯಲ್ಲಿ 5.46 ಇದ್ದರೆ ಅದು ಹದಿಮೂರೂವರೆ ಸೆಂಟ್ಸ್, ಉಳಿದ ಒಂದೂವರೆ ಪಾಗಾರದ ಒಳಗೆ ಸೇರಿಸಿಕೊಂಡ ಸರ್ಕಾರಿ ಜಾಗ ಇರಬಹುದು. ಕುಮ್ಕಿಯೆಂದರೆ ವರ್ಗ (ಕಂದಾಯ ಕಟ್ಟುವ ಖಾಸಗಿ) ಜಮೀನಿನ ಸುತ್ತ 100 ಗಜದೊಳಗೆ ಸೊಪ್ಪು ಸೌದೆಗೆ ಇದ್ದ ಸವಲತ್ತು. ಅದು ಒಡೆತನವಲ್ಲ. ಪಟ್ಟೆ ಆಗದ ಕುಮ್ಕಿಗೆ ಒಂದು ರೂಪಾಯಿಯೂ ಕೊಡಬೇಡಿ.

ವಿಲೇಜ್ ಆಫೀಸಿನಿಂದ ತಂಡಪೇರು (ಭೂಮಾಲಕರ ಖಾತೆ) ನಂಬರಿನ ವಿವರ, ಕೈವಶ ಸರ್ಟಿಫಿಕೇಟು, ಲೊಕೇಶನ್ ಸ್ಕೆಚ್ ಪಡೆಯಿರಿ. ರೆವೆನ್ಯೂ ರಿಕವರಿ ಬಾಕಿಯಿದ್ದರೆ ಅಲ್ಲೇ ತಿಳಿಯುತ್ತದೆ. ಡಿಜಿಟಲ್ ರೀಸರ್ವೆ ಮುಗಿದ ಗ್ರಾಮವಾದರೆ ಹಳೆಯ ಸರ್ವೆ ನಂಬರ್ ಮತ್ತು ಹೊಸದು ತಾಳೆಯಾಗಬೇಕು. 2024ರ ಅಕ್ಟೋಬರಿನಲ್ಲಿ ಶುರುವಾದ "ಎಂಡೆ ಭೂಮಿ" (ನನ್ನ ಭೂಮಿ) ಎಂಬ ಭೂದಾಖಲೆ ಪೋರ್ಟಲ್‌ಗೆ ಮೊದಲು ಬಂದದ್ದು ನಮ್ಮ ಜಿಲ್ಲೆಯ ಉಜಾರು ಉಳುವಾರು ಗ್ರಾಮವೇ.

ಹಿರಿಯರು ತೀರಿಹೋದ ಮೇಲೆ ಭಾಗವಾಗದ ಆಸ್ತಿಯಾದರೆ ಎಲ್ಲ ವಾರಸುದಾರರ ಸಹಿ ಬೇಕು. ಮದುವೆಯಾಗಿ ಮುಂಬಯಿಗೆ ಹೋದ ಹೆಣ್ಣುಮಕ್ಕಳದ್ದೂ ಬೇಕು. "ಅವಳಿಗೇನೂ ಬೇಡವಂತೆ" ಎಂಬ ಬಾಯಿಮಾತು ಹಕ್ಕು ಬಿಡುಗಡೆ ಪತ್ರ ಆಗುವುದಿಲ್ಲ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ಕೋರ್ಟಿನ ಅನುಮತಿಯ ಬಗ್ಗೆ ವಕೀಲರನ್ನು ಕೇಳಿ.

ಕೊನೆಗೆ ಪಂಚಾಯತ್. ಮನೆ ನಂಬರಿನ ಜೊತೆ "ಯುಎ" ಎಂಬ ಅಕ್ಷರವಿದ್ದರೆ ಅದು ಅನಧಿಕೃತ ಕಟ್ಟಡ ಎಂಬುದರ ಗುರುತು. ಮೇಲೆ ಶೀಟು ಹಾಕಿ ಎಬ್ಬಿಸಿದ ಕೋಣೆಗೆ, ರಸ್ತೆ ಬದಿಗೆ ಚಾಚಿದ ಕಾರ್ ಶೆಡ್ಡಿಗೆ ಪರವಾನಿಗೆ ಇದೆಯೇ ಎಂದು ಪ್ಲಾನ್ ಹಿಡಿದು ನೋಡಿ. ಸಕ್ರಮ ಮಾಡಿಸಿಕೊಡುವುದು ಮಾರುವವರ ಕೆಲಸ, ಅದು ರಿಜಿಸ್ಟ್ರಿಗೆ ಮೊದಲು ಆಗಬೇಕು.

ಮನೆಯನ್ನು ಬೇಸಗೆಯಲ್ಲಿ ನೋಡುವುದು ಒಳ್ಳೆಯದೋ ಮಳೆಗಾಲದಲ್ಲೋ? (ಓದುಗರು, ಮುಳ್ಳೇರಿಯ)

ಎರಡರಲ್ಲೂ. ನೀರನ್ನು ಮೇ ತಿಂಗಳಲ್ಲಿ, ಮಾಡನ್ನು (ಛಾವಣಿಯನ್ನು) ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ. ಅದಕ್ಕೇ ಮೇಲೆ ಆರು ತಿಂಗಳ ಅವಧಿ ಕೇಳಿ ಎಂದದ್ದು: ಏಪ್ರಿಲ್ ಕೊನೆಗೆ ಕರಾರು ಮಾಡಿಕೊಂಡರೆ ರಿಜಿಸ್ಟ್ರಿಯ ಮೊದಲು ಎರಡೂ ಕಾಣುತ್ತವೆ.

ಬಾವಿಗೆ ಹಗ್ಗದಲ್ಲಿ ಕಲ್ಲು ಕಟ್ಟಿ ಇಳಿಸಿ, ಎಷ್ಟು ಅಡಿ ನೀರಿದೆ ಎಂದು ಒದ್ದೆಯಾದ ಭಾಗವನ್ನು ಅಳೆಯಿರಿ. ಒಂದು ಗಂಟೆ ಪಂಪು ಓಡಿಸಿ, ಎಷ್ಟು ಇಳಿಯಿತು, ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಎಷ್ಟು ಹೊತ್ತು ಹಿಡಿಯಿತು ನೋಡಿ. ಮರುದಿನ ಬೆಳಗ್ಗೆಗೂ ತುಂಬದಿದ್ದರೆ ಆ ಬಾವಿ ಒಂದು ಸಂಸಾರಕ್ಕೆ ಸಾಲದು. ಉಪ್ಪಳ, ಮೊಗ್ರಾಲ್ ಕಡೆ ಕರಾವಳಿಗೆ ಹತ್ತಿರವಾದರೆ ಬೇಸಗೆಯ ಕೊನೆಗೆ ನೀರು ಉಪ್ಪಾಗುವುದುಂಟು, ಬಾಯಿಗೆ ಹಾಕಿಯೇ ನೋಡಿ. ಶೌಚಗುಂಡಿ ಬಾವಿಯಿಂದ ಕನಿಷ್ಠ 7.5 ಮೀಟರ್ ದೂರ ಇರಬೇಕೆಂದು ಕಟ್ಟಡ ನಿಯಮ ಹೇಳುತ್ತದೆ. ನಿಮ್ಮ ಗುಂಡಿಯಷ್ಟೇ ಅಲ್ಲ, ಪಾಗಾರದ ಆಚೆ ನೆರೆಯವರ ಗುಂಡಿಯ ದೂರವನ್ನೂ ಟೇಪು ಹಿಡಿದು ಅಳೆಯಿರಿ. ಹತ್ತಿರವಿದ್ದರೆ ನೀರನ್ನು ಲ್ಯಾಬಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆಗೆ ಕೊಡಿ.

ಮುರಕಲ್ಲಿನ ಗೋಡೆ ಗಟ್ಟಿ, ಆದರೆ ನೀರು ಹೀರುತ್ತದೆ. ಪಂಚಾಂಗದಿಂದ (ಅಡಿಪಾಯದಿಂದ) ಮೇಲೆ ತೇವ ಏರಿದರೆ ನೆಲದಿಂದ ಎರಡು ಮೂರು ಅಡಿಯವರೆಗೆ ಬಣ್ಣ ಹಪ್ಪಳದಂತೆ ಎದ್ದು, ಒಳಗೆ ಬಿಳಿ ಉಪ್ಪು ಕಾಣುತ್ತದೆ. ಮಾರುವವರು ಅಷ್ಟಕ್ಕೆ ಮಾತ್ರ ಹೊಸ ಬಣ್ಣ ಹೊಡೆಸಿರುವುದು ಅಥವಾ ಟೈಲ್ಸ್ ಹಾಕಿಸಿರುವುದು ಕಂಡರೆ ಕಪಾಟನ್ನು ಸರಿಸಿ ಹಿಂದಿನ ಗೋಡೆ ನೋಡಿ. ಅಲ್ಲಿಗೆ ಬಣ್ಣದವರು ಹೋಗಿರುವುದಿಲ್ಲ. ಗಾರೆಯನ್ನು ಬೆರಳ ಗೆಣ್ಣಿನಿಂದ ಬಡಿಯಿರಿ, ಪೊಳ್ಳು ಸದ್ದು ಬಂದ ಕಡೆ ಅದು ಕಲ್ಲು ಬಿಟ್ಟಿದೆ. ತಾರಸಿಯ ಅಡಿಯಲ್ಲಿ ಕಂದು ಗೆರೆ ಮತ್ತು ಉದುರಿದ ಸಿಮೆಂಟು ಕಂಡರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿದೆ. ಮೇಲೆ ಶೀಟು ಹಾಕಿದರೆ ಸೋರುವುದು ನಿಂತೀತು, ಆದ ತುಕ್ಕು ಹೋಗುವುದಿಲ್ಲ. ಹಂಚಿನ ಮನೆಯಾದರೆ ಪಕ್ಕಾಸುಗಳ (ಹಂಚು ಹೊರುವ ಮರಗಳ) ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ಒರಲೆ (ಗೆದ್ದಲು) ಹಿಡಿದಲ್ಲಿ ಅದು ಒಳಗಿಳಿಯುತ್ತದೆ.

ಗುಡ್ಡೆ ಕಡಿದು ಮಾಡಿದ ಜಾಗವಾದರೆ ಹಿಂದಿನ ದರೆಯನ್ನು ಜಡಿಮಳೆಯಲ್ಲಿ ಹೋಗಿ ನೋಡಿ. ತಡೆಗೋಡೆಯ ನೀರುಕಂಡಿಗಳಿಂದ ನೀರು ಹೊರಬರುತ್ತಿದ್ದರೆ ಸರಿ. ಗೋಡೆ ಒದ್ದೆಯಾಗಿ ಉಬ್ಬಿ, ಕಂಡಿ ಒಣಗಿದ್ದರೆ ನೀರು ಹಿಂದೆ ಕಟ್ಟಿಕೊಂಡಿದೆ. ಅಂಥ ಮನೆಯನ್ನು ಎಷ್ಟು ಅಗ್ಗಕ್ಕೆ ಸಿಕ್ಕಿದರೂ ನಾವು ಕೊಳ್ಳಿ ಎನ್ನುವುದಿಲ್ಲ.

ಬಯಲಿನ 10 ಸೆಂಟ್ಸ್ ಸುತ್ತಲಿನ ದರದ ಮೂರನೇ ಒಂದು ಪಾಲಿಗೆ ಸಿಗುತ್ತದೆ. ದಾಖಲೆಯಲ್ಲಿ "ನಿಲಂ" (ಗದ್ದೆ) ಎಂದಿದೆ. ಕೊಂಡು ಮಣ್ಣು ಹಾಕಿಸಿ ಮನೆ ಕಟ್ಟಬಹುದು ಎನ್ನುತ್ತಾರೆ. (ಓದುಗರು, ಮಂಜೇಶ್ವರ)

ಬೇಡ. ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆಯ 2008ರ ಕೇರಳ ಕಾಯ್ದೆ ಪ್ರಕಾರ ಅದು ಅಪರಾಧ. ಮೊದಲು ಕೃಷಿ ಭವನದಲ್ಲಿ ಆ ಸರ್ವೆ ನಂಬರ್ ಡಾಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗು ಭೂಮಿಗಳ ಸರ್ಕಾರಿ ಪಟ್ಟಿಯಲ್ಲಿ) ಇದೆಯೇ ಕೇಳಿ. ಹಿಂದೆಯೇ ತುಂಬಿಸಿದ ಜಾಗ ತಪ್ಪಾಗಿ ಸೇರಿದ್ದರೆ ತೆಗೆಸಲು ಫಾರಂ 5. ಡಾಟಾ ಬ್ಯಾಂಕಿನಲ್ಲಿಲ್ಲದೆ ದಾಖಲೆಯಲ್ಲಿ ಮಾತ್ರ ನಿಲಂ ಎಂದಿದ್ದರೆ 50 ಸೆಂಟ್ಸ್‌ವರೆಗೆ ಫಾರಂ 6. ಈ ಅರ್ಜಿಯನ್ನು ಮಾರುವವರೇ ಹಾಕಿ, ಆದೇಶ ಕೈಗೆ ಬಂದ ಮೇಲೆ ಪೂರ್ತಿ ದರ ಕೊಟ್ಟು ಕೊಳ್ಳಿ. ಮೂರನೇ ಒಂದು ಪಾಲಿನ ದರ ಇರುವುದೇ ಆ ಆದೇಶ ಇಲ್ಲದ್ದಕ್ಕೆ.

ಮಾರುವವರು ದುಬೈಯಲ್ಲಿದ್ದಾರೆ, ಅವರ ಅಣ್ಣ ಅಧಿಕಾರ ಪತ್ರ ಹಿಡಿದು ಮಾರುತ್ತಿದ್ದಾರೆ. ತೊಂದರೆ ಇದೆಯೇ? (ಓದುಗರು, ಕಾಸರಗೋಡು)

ಪತ್ರ ಸರಿಯಿದ್ದರೆ ಇಲ್ಲ. ಅದು ಭಾರತೀಯ ಕಾನ್ಸುಲೇಟಿನಲ್ಲಿ ಸಹಿಯಾಗಿರಬೇಕು, ಊರಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಆಗಿರಬೇಕು. ಮಾರುವ, ಹಣ ಪಡೆಯುವ, ರಿಜಿಸ್ಟ್ರಾರರ ಮುಂದೆ ಹಾಜರುಪಡಿಸುವ ಅಧಿಕಾರ ಮೂರೂ ಬರೆದಿರಬೇಕು. "ನೋಡಿಕೊಳ್ಳುವ" ಅಧಿಕಾರದಲ್ಲಿ ಮಾರುವುದು ಸೇರುವುದಿಲ್ಲ. ರಿಜಿಸ್ಟ್ರಿಯ ದಿನ ಯಜಮಾನರ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡಿ, ಯಾಕೆಂದರೆ ಕೊಟ್ಟವರು ತೀರಿಕೊಂಡರೆ ಪತ್ರವೂ ಅಲ್ಲಿಗೆ ಮುಗಿಯಿತು. ಹಣ ಅಣ್ಣನ ಖಾತೆಗಲ್ಲ, ಯಜಮಾನರ ಖಾತೆಗೆ.

ಹೆಚ್ಚಿನವರು ಎಡವುವುದು ತೆರಿಗೆಯಲ್ಲಿ. ಊರಿನಲ್ಲೇ ಇರುವವರಿಂದ 50 ಲಕ್ಷ ಅಥವಾ ಮೇಲ್ಪಟ್ಟು ಕೊಂಡರೆ ಶೇ. 1 ಟಿಡಿಎಸ್ (ಕೊಳ್ಳುವವರು ಬೆಲೆಯಿಂದ ಹಿಡಿದು ಇಲಾಖೆಗೆ ಕಟ್ಟುವ ತೆರಿಗೆ) ಹಿಡಿದರೆ ಮುಗಿಯಿತು. ಅನಿವಾಸಿಯಾದರೆ ಆ 50 ಲಕ್ಷದ ಮಿತಿಯೂ ಇಲ್ಲ, ಶೇ. 1ರ ದರವೂ ಇಲ್ಲ. ಹಿಡಿಯಬೇಕಾದ್ದು ಬಹಳ ಹೆಚ್ಚು. ಕಡಿಮೆ ಹಿಡಿಯಲು ಮಾರುವವರು ಆದಾಯ ತೆರಿಗೆ ಇಲಾಖೆಯಿಂದ ಸರ್ಟಿಫಿಕೇಟು ತರಬಹುದು. ನೀವು ಹಿಡಿಯದೆ ಬಿಟ್ಟರೆ ಇಲಾಖೆ ನಿಮ್ಮಿಂದಲೇ ವಸೂಲಿ ಮಾಡುತ್ತದೆ. ಅಡ್ವಾನ್ಸಿಗೆ ಮೊದಲೇ ಆಡಿಟರನ್ನು ಕಾಣಿ.

50 ಲಕ್ಷದ ಮನೆಗೆ ಕೈಯಲ್ಲಿ ಎಷ್ಟು ಹಣ ಬೇಕು? ಆಧಾರದಲ್ಲಿ 30 ಲಕ್ಷ ಬರೆಸಿದರೆ ಉಳಿಯುತ್ತದೆ ಎನ್ನುತ್ತಾರೆ. (ಓದುಗರು, ಪೈವಳಿಕೆ)

ಕೇರಳದಲ್ಲಿ ಕ್ರಯಪತ್ರಕ್ಕೆ ಸ್ಟ್ಯಾಂಪ್ ಶೇ. 8, ರಿಜಿಸ್ಟ್ರೇಷನ್ ಶೇ. 2. ಒಟ್ಟು 5 ಲಕ್ಷ. ಜಾಗದ ಸರ್ಕಾರಿ ನ್ಯಾಯಬೆಲೆಗಿಂತ ಕೆಳಗೆ ಬರೆಯುವಂತಿಲ್ಲ. ಬ್ಯಾಂಕ್ ಸಾಲ ಕೊಡುವುದು ನಿಮ್ಮ ಬೆಲೆಯ ಮೇಲಲ್ಲ, ಅದರ ಮೌಲ್ಯಮಾಪಕರು ಕಂಡ ಬೆಲೆಯ ಮೇಲೆ. ಅವರು 45 ಎಂದರೆ, 30 ಲಕ್ಷ ಮೀರಿದ ಸಾಲಕ್ಕೆ ಶೇ. 80ರ ಮಿತಿಯಂತೆ ಸಿಗುವುದು 36 ಲಕ್ಷ. ಉಳಿದ 14 ಮತ್ತು ರಿಜಿಸ್ಟ್ರಿಯ 5 ಸೇರಿ 19 ಲಕ್ಷ ಕೈಯಲ್ಲಿರಬೇಕು. 36 ಲಕ್ಷಕ್ಕೆ ಶೇ. 8.5ರಂತೆ 20 ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 31,240.

30 ಲಕ್ಷ ಬರೆಸಿದರೆ ಇಂದು ಉಳಿಯುವುದು 2 ಲಕ್ಷ. ಬ್ಯಾಂಕಿನವರು ಆಧಾರದ ಬೆಲೆ ನೋಡಿ ಸಾಲವನ್ನು ಅಲ್ಲಿಗೇ ಇಳಿಸುತ್ತಾರೆ. ಮುಂದೆ ನೀವು ಮಾರುವಾಗ ಬಚ್ಚಿಟ್ಟ 20 ಲಕ್ಷ ನಿಮ್ಮ ಲಾಭವೆಂದೇ ಲೆಕ್ಕವಾಗಿ ಶೇ. 12.5ರಂತೆ ಎರಡೂವರೆ ಲಕ್ಷ ತೆರಿಗೆ ಬೀಳುತ್ತದೆ. ಇದರ ಮೇಲೆ ಕಡಿಮೆ ಮೌಲ್ಯ ತೋರಿಸಿದ್ದಕ್ಕೆ ರಿಜಿಸ್ಟ್ರೇಷನ್ ಇಲಾಖೆಯ ನೋಟಿಸು ಬಂದರೆ ಅದು ಬೇರೆ.

ಮನೆಗೆ ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು) ನೀರು. ಸುರಂಗ ಶುರುವಾಗುವುದು ಪಕ್ಕದವರ ಗುಡ್ಡೆಯಲ್ಲಿ. ಏನು ನೋಡಿಕೊಳ್ಳಬೇಕು? (ಓದುಗರು, ಎಣ್ಮಕಜೆ)

ನೀರಿನ ಹಕ್ಕು, ಕೊಳವೆ ಹಾಯುವ ದಾರಿ, ಮಣ್ಣು ತೆಗೆಯಲು ಒಳಗೆ ಹೋಗುವ ಹಕ್ಕು ಇವು ಹಿಂದಿನ ಆಧಾರದಲ್ಲೋ ಭಾಗಪತ್ರದಲ್ಲೋ ಬರೆದಿದ್ದರೆ, ನಿಮ್ಮ ಆಧಾರಕ್ಕೂ ಅದೇ ಮಾತು ಬರುವಂತೆ ನೋಡಿಕೊಳ್ಳಿ. ಬರೆದಿಲ್ಲದಿದ್ದರೆ ಪಕ್ಕದವರಿಂದ ರಿಜಿಸ್ಟರ್ಡ್ ಒಪ್ಪಿಗೆ ಪತ್ರ ಮಾಡಿಸಿಕೊಡುವುದನ್ನು ಮಾರುವವರ ಷರತ್ತಾಗಿ ಕರಾರಿಗೆ ಸೇರಿಸಿ. ಅದು ಆಗದಿದ್ದರೆ ಬೋರ್‌ವೆಲ್ಲಿನ ಖರ್ಚನ್ನು ಬೆಲೆಯಿಂದ ಕಳೆಯಿರಿ, ಬೋರು ಕೊರೆಯುವ ಲಾರಿ ಆ ದಾರಿಯಲ್ಲಿ ಮನೆವರೆಗೆ ಬರುತ್ತದೆಯೇ ಎಂದು ನೋಡಿದ ಮೇಲೆ.